ವಿದೇಶಕ್ಕೆ ಹೊರಡುವ ಮುನ್ನ: ಯಾವ ಕನ್ಸಲ್ಟೆಂಟ್, ಯಾವ ವೀಸಾ?

ದಸರಾ ರಜೆ ಮುಗಿದು ಕಾಲೇಜು ಶುರುವಾಯಿತೆಂದರೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ಮಕ್ಕಳು ನಿಂತಿರುತ್ತಾರೆ. ‘ಮ್ಯಾಮ್, ಒಂದು ಎಲ್‌ಒಆರ್ ಬೇಕಿತ್ತು.’ ಶಿಫಾರಸು ಪತ್ರ ಬರೆಯುವುದು ನನಗೆ ಇಷ್ಟದ ಕೆಲಸ. ಆ ಮಗು ಲ್ಯಾಬಿನಲ್ಲಿ ಏನು ಮಾಡಿತ್ತು, ಯಾವ ಪ್ರಾಜೆಕ್ಟಿಗೆ ಎಷ್ಟು ಒದ್ದಾಡಿತ್ತು ಎಂದು ನೆನಪಿಸಿಕೊಂಡು ಬರೆಯುತ್ತೇನೆ. ಕಳೆದ ವರ್ಷ ಮಾತ್ರ ಒಂದೇ ವಾರದಲ್ಲಿ ಮೂವರು, ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಪತ್ರವನ್ನೇ ಪ್ರಿಂಟ್ ಹಾಕಿಸಿಕೊಂಡು ಬಂದರು. ‘ಸೈನ್ ಮಾಡಿದರೆ ಸಾಕು ಮ್ಯಾಮ್.’ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಎರಡನೇ ಪ್ಯಾರಾ ಮೂರರಲ್ಲೂ ಅಕ್ಷರ ಬಿಡದೆ ಒಂದೇ. ಒಬ್ಬ ಹುಡುಗನ ಪತ್ರದಲ್ಲಿ ಹೆಸರು ಅವನದು, ಕೆಳಗೆ ಮೂರು ಕಡೆ ‘ಅವಳು’ ಎಂದೇ ಉಳಿದಿತ್ತು.

‘ಇದನ್ನು ಓದಿದೆಯೇನಪ್ಪಾ?’ ಎಂದು ಕೇಳಿದೆ. ಓದಿರಲಿಲ್ಲ. ‘ಅವರಿಗೆ ಎಷ್ಟು ಕೊಟ್ಟೆ?’ ‘ಏನೂ ಇಲ್ಲ ಮ್ಯಾಮ್, ಫ್ರೀ ಸರ್ವೀಸ್.’

ಆ ‘ಫ್ರೀ’ ಎಂಬ ಮಾತಿನಿಂದಲೇ ಶುರುಮಾಡುತ್ತೇನೆ. ಜಯನಗರ, ಕೋರಮಂಗಲ, ಎಂ.ಜಿ. ರೋಡ್, ರಾಜಾಜಿನಗರ, ಎಲ್ಲಿ ನೋಡಿದರೂ ವೀಸಾ ಬೋರ್ಡುಗಳೇ. ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ಕೆಲಸ ಮಾಡುವವರಂತೆ ಕಾಣುತ್ತಾರೆ. ಆದರೆ ಅವರಲ್ಲಿ ಮೂರು ಬಗೆಯವರಿದ್ದಾರೆ. ಯಾರ ದುಡ್ಡಿನಿಂದ ಆ ಆಫೀಸಿನ ಬಾಡಿಗೆ ಕಟ್ಟುತ್ತಾರೆ ಎಂದು ಗೊತ್ತಾದರೆ ಅವರು ಕೊಡುವ ಸಲಹೆ ಯಾವ ಕಡೆಗೆ ವಾಲುತ್ತದೆ ಎಂಬುದೂ ಗೊತ್ತಾಗುತ್ತದೆ.

ದುಡ್ಡು ಯಾರ ಜೇಬಿನಿಂದ?

ಮೊದಲನೆಯವರು ಓದಿಗೆ ಕಳುಹಿಸುವವರು. ಇವರು ವಿದ್ಯಾರ್ಥಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಅಥವಾ ಸ್ವಲ್ಪ ತೆಗೆದುಕೊಳ್ಳುತ್ತಾರೆ. ನೀವು ಸೇರಿದ ಮೇಲೆ ನಿಮ್ಮ ಫೀಸಿನಲ್ಲಿ ಒಂದು ಪಾಲನ್ನು ಆ ಕಾಲೇಜು ಇವರಿಗೆ ಕಮಿಷನ್ ಕೊಡುತ್ತದೆ. ಇದರಲ್ಲಿ ಕಳ್ಳತನವೇನೂ ಇಲ್ಲ. ಬ್ರಿಟನ್, ಆಸ್ಟ್ರೇಲಿಯಾಗಳ ಬಹಳಷ್ಟು ಯೂನಿವರ್ಸಿಟಿಗಳು ಬಹಿರಂಗವಾಗಿಯೇ ಏಜೆಂಟರನ್ನು ನೇಮಿಸಿ, ಅವರ ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕುತ್ತವೆ. ಅಂಥ ಕಡೆಗೆ ಹೋಗುವುದಿದ್ದರೆ ಇವರ ಸಹಾಯ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ತೊಂದರೆ ಬರುವುದು ಜರ್ಮನಿಯಂಥ ದೇಶದ ವಿಷಯದಲ್ಲಿ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸೇ ಇಲ್ಲ, ಸೆಮಿಸ್ಟರಿಗೆ ಒಂದಿಷ್ಟು ವಂತಿಗೆ ಕಟ್ಟಿದರಾಯಿತು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಾದರೆ ಯುರೋಪಿನ ಹೊರಗಿನಿಂದ ಬಂದವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಫೀಸೇ ಇಲ್ಲದ ಮೇಲೆ ಕಮಿಷನ್ ಎಲ್ಲಿಂದ ಬರಬೇಕು? ಹಾಗಾಗಿ ‘ಫ್ರೀ’ ಕನ್ಸಲ್ಟೆಂಟ್ ತೋರಿಸುವ ಜರ್ಮನಿಯ ಪಟ್ಟಿಯಲ್ಲಿ ಫೀಸು ವಸೂಲಿ ಮಾಡುವ ಖಾಸಗಿ ಕಾಲೇಜುಗಳೇ ತುಂಬಿರುತ್ತವೆ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ 8.4 ಸಿಜಿಪಿಎ ಇತ್ತು. ಅವಳ ಕೈಯಲ್ಲಿದ್ದ ಪಟ್ಟಿಯ ಐದು ಕಾಲೇಜುಗಳಲ್ಲಿ ಒಂದೂ ಸರ್ಕಾರಿಯದ್ದಲ್ಲ. ‘ಪಬ್ಲಿಕ್ ಸಿಗೋದು ಕಷ್ಟ ಅಂದ್ರು ಮ್ಯಾಮ್’ ಎಂದಳು. ಅರ್ಜಿಯನ್ನೇ ಹಾಕಿರಲಿಲ್ಲ. ಇಬ್ಬರೂ ಕೂತು ಡಾಡ್ ಎಂಬ ಜರ್ಮನ್ ಸಂಸ್ಥೆಯ ಕೋರ್ಸ್ ಪಟ್ಟಿ ತೆರೆದು ನೋಡಿದೆವು. ಇಂಗ್ಲಿಷಿನಲ್ಲೇ ಪಾಠ ಮಾಡುವ, ಅವಳ ಅಂಕಕ್ಕೆ ಹೊಂದುವ ಕೋರ್ಸುಗಳು ಒಂದು ಸಂಜೆಯಲ್ಲೇ ಒಂಬತ್ತು ಸಿಕ್ಕವು.

ಆದ್ದರಿಂದ ಇಂಥವರ ಮುಂದೆ ಕೂತಾಗ ಸಂಕೋಚವಿಲ್ಲದೆ ಕೇಳಿ: ‘ನಿಮಗೆ ಕಮಿಷನ್ ಬಾರದ ಯೂನಿವರ್ಸಿಟಿಗೂ ನನ್ನ ಅರ್ಜಿ ಹಾಕುತ್ತೀರಾ? ಅದಕ್ಕೆ ಎಷ್ಟು ಫೀಸು?’ ನೇರವಾಗಿ ಒಂದು ಮೊತ್ತ ಹೇಳುವವರು ಒಳ್ಳೆಯವರು. ಮಾತು ಬದಲಿಸುವವರ ಬಳಿ ಹೆಚ್ಚು ಹೊತ್ತು ಕೂರಬೇಡಿ.

ಎರಡನೆಯವರು ಪಿಆರ್, ಅಂದರೆ ವಿದೇಶದಲ್ಲಿ ಶಾಶ್ವತವಾಗಿ ನೆಲೆಸುವ ಅನುಮತಿಗೆ ಫೈಲ್ ಮಾಡುವವರು. ಇವರು ನಿಮ್ಮಿಂದಲೇ ದುಡ್ಡು ತೆಗೆದುಕೊಳ್ಳುತ್ತಾರೆ, ಹೆಚ್ಚಾಗಿ ಕಂತಿನಲ್ಲಿ. ಇಲ್ಲಿ ಕಮಿಷನ್ನಿನ ಸೆಳೆತ ಕಡಿಮೆ, ಆದರೆ ಮೊದಲ ಕಂತು ಬಂದ ಮೇಲೆ ಉತ್ಸಾಹ ಇಳಿಯುವ ಅಪಾಯ ಹೆಚ್ಚು. ಮೂರನೆಯವರು ವಿದೇಶದಲ್ಲಿ ಕೆಲಸ ಕೊಡಿಸುವ ರಿಕ್ರೂಟಿಂಗ್ ಏಜೆಂಟರು. ಇವರ ಮೇಲೆ ಮಾತ್ರ ನಮ್ಮ ದೇಶದ ಕಾನೂನಿನ ಹಿಡಿತ ಗಟ್ಟಿಯಾಗಿದೆ. 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಇವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಕೆಲಸಕ್ಕೆ ಹೋಗುವವರಿಂದ ಇವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ದುಬೈಗೋ ಕುವೈತಿಗೋ ಕೆಲಸ ಎಂದು ಒಂದೂವರೆ ಲಕ್ಷ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ ಎದ್ದು ಬನ್ನಿ. ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅನುಮಾನಕ್ಕೆ ಸಿಕ್ಕವರ ಪಟ್ಟಿಯೂ ಇದೆ. ಹತ್ತನೇ ತರಗತಿ ಪಾಸಾಗದ, ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಶನ್ ತಪಾಸಣೆ ಬೇಕು) ಎಂದಿರುವವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಶನ್ ಅನುಮತಿ ಇಲ್ಲದೆ ಹೊರಡಲೇಬಾರದು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎನ್ನುವವರ ಮಾತು ಕೇಳಿ ಹೋದವರಿಗೆ ಅಲ್ಲಿ ಸಂಬಳ ನಿಂತರೂ ಕೇಳುವವರು ಇರುವುದಿಲ್ಲ.

ನಮ್ಮ ಮನೆಯ ಫೈಲು

ಇದನ್ನೆಲ್ಲ ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ತಮ್ಮ ಸಾಫ್ಟ್‌ವೇರಿನವನು. ಕೆನಡಾದ ಪಿಆರ್‌ಗೆಂದು ನಗರದ ಒಂದು ಕನ್ಸಲ್ಟೆನ್ಸಿಗೆ 85,000 ರೂಪಾಯಿ ಕಟ್ಟಿದ. ಅಪ್ಪ ಪಿಎಫ್ ದುಡ್ಡಿನಲ್ಲಿ ಅರ್ಧ ಕೊಟ್ಟರು. ಆಫೀಸು ಚೆನ್ನಾಗಿತ್ತು, ಮಾತಾಡಿದ ಹುಡುಗಿಯೂ ಚೆನ್ನಾಗಿ ಮಾತಾಡಿದಳು. ‘ನಮ್ಮ ಆರ್‌ಸಿಐಸಿ ಟೊರಾಂಟೊದಲ್ಲಿದ್ದಾರೆ’ ಎಂದಳು. ಆರ್‌ಸಿಐಸಿ ಎಂದರೆ ಕೆನಡಾದ ಲೈಸೆನ್ಸ್ ಇರುವ ವಲಸೆ ಸಲಹೆಗಾರ. ಅವರ ಹೆಸರೇನು, ನಂಬರೇನು ಎಂದು ನಾವು ಕೇಳಲಿಲ್ಲ. ಅಂಕದ ಮೇಲೆ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆಯಲ್ಲಿ ಪ್ರೊಫೈಲನ್ನು ಕನ್ಸಲ್ಟೆನ್ಸಿಯವರೇ ತೆರೆದರು, ಅವರದೇ ಇಮೇಲ್, ಅವರದೇ ಪಾಸ್‌ವರ್ಡ್.

2022ರ ನವೆಂಬರಿನಲ್ಲಿ ಅವನಿಗೆ ಪಿಆರ್ ಅರ್ಜಿ ಹಾಕಲು ಇನ್ವಿಟೇಶನ್ ಬಂತು. ನಮಗೆ ಹೇಳಿದ್ದು ಡಿಸೆಂಬರ್ ಮೂರನೇ ವಾರ. ಇನ್ವಿಟೇಶನ್ ಬಂದ 60 ದಿನದೊಳಗೆ ಪೂರ್ತಿ ಅರ್ಜಿ ಹೋಗಬೇಕು. ಅದರಲ್ಲಿ 26 ದಿನ ಯಾರದೋ ಇನ್‌ಬಾಕ್ಸಿನಲ್ಲಿ ಕಳೆದುಹೋಗಿತ್ತು. ಪೊಲೀಸ್ ಕ್ಲಿಯರೆನ್ಸಿಗೆ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಓಡಿದ. ಮೆಡಿಕಲ್ ಮಾಡಿಸಿದ. ಬ್ಯಾಂಕಿನಿಂದ ಆರು ತಿಂಗಳ ಸರಾಸರಿ ಬ್ಯಾಲೆನ್ಸಿನ ಪತ್ರ ತಂದ. ವೈಟ್‌ಫೀಲ್ಡಿನ ಹಳೆಯ ಕಂಪನಿಯ ಎಚ್‌ಆರ್ ಮಾತ್ರ ವರ್ಷಾಂತ್ಯದ ರಜೆಯಲ್ಲಿದ್ದರು. ಅನುಭವದ ಪತ್ರ ಬರುವ ಹೊತ್ತಿಗೆ ಗಡುವು ದಾಟಿತ್ತು. ಅಷ್ಟರಲ್ಲಿ ಅವನಿಗೆ 30 ತುಂಬಿತು, ವಯಸ್ಸಿನ ಅಂಕದಲ್ಲಿ 5 ಹೋಯಿತು. ಆ ಅಂಕಪಟ್ಟಿಯಲ್ಲಿ 29 ದಾಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಇಳಿಯುತ್ತಲೇ ಹೋಗುತ್ತದೆ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಬೆಲೆ, ಅದೂ ಮುಗಿಯಿತು. ದುಡ್ಡು ವಾಪಸ್ ಕೇಳಲು ಹೋದರೆ ಅಗ್ರಿಮೆಂಟಿನ ನಾಲ್ಕನೇ ಪುಟ ತೋರಿಸಿದರು: ‘ಪ್ರೊಫೈಲ್ ತೆರೆದ ಕ್ಷಣದಿಂದ ಶುಲ್ಕ ಹಿಂತಿರುಗಿಸಲಾಗುವುದಿಲ್ಲ.’ ಕೆಳಗೆ ತಮ್ಮನದೇ ಸಹಿ. ಅಪ್ಪ ಆ ಹಾಳೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ಮನೆಯವರೆಗೂ ಮಾತಾಡಲಿಲ್ಲ.

ಲೈಸೆನ್ಸ್ ನೋಡುವುದು ಹೇಗೆ

ಜಿಎಸ್‌ಟಿ ನಂಬರ್, ಟ್ರೇಡ್ ಲೈಸೆನ್ಸ್, ಗೋಡೆಯ ಮೇಲಿನ ಪ್ರಶಸ್ತಿಗಳು ಒಂದು ವ್ಯಾಪಾರ ನಡೆಯುತ್ತಿದೆ ಎಂದು ತೋರಿಸುತ್ತವೆ, ಅಷ್ಟೇ. ವಲಸೆ ಕಾನೂನಿನ ಸಲಹೆ ಕೊಡಲು ಅರ್ಹತೆ ಇದೆಯೇ ಎಂಬುದನ್ನು ಹೇಳುವುದು ನೀವು ಹೋಗುವ ದೇಶದ ನೋಂದಣಿ.

ಕೆನಡಾದ ನಿಯಮ ಬಿಗಿ. ದುಡ್ಡು ತೆಗೆದುಕೊಂಡು ನಿಮ್ಮ ಪರವಾಗಿ ಅರ್ಜಿ ನಡೆಸಬಹುದಾದವರು ಅಲ್ಲಿನ ವಕೀಲರು, ಕ್ವಿಬೆಕ್‌ನ ನೋಟರಿಗಳು ಮತ್ತು ಆರ್‌ಸಿಐಸಿಗಳು. ಆರ್‌ಸಿಐಸಿಗಳಿಗೆ ಲೈಸೆನ್ಸ್ ಕೊಡುವ ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ 2021ರ ನವೆಂಬರಿನಿಂದ ಕೆಲಸ ಮಾಡುತ್ತಿದೆ, ಅದರ ಪಟ್ಟಿಯಲ್ಲಿ ಯಾರು ಬೇಕಾದರೂ ಹೆಸರು ಹುಡುಕಬಹುದು. ಜೊತೆಗೆ, ಅರ್ಜಿಯಲ್ಲಿ ಐಎಂಎಂ 5476 ಎಂಬ ಫಾರ್ಮಿನಲ್ಲಿ ಪ್ರತಿನಿಧಿಯ ಹೆಸರು ಬರೆಯಬೇಕು. ‘ಆ ಫಾರ್ಮ್ ಬೇಡ, ನೀವೇ ಹಾಕಿದಂತೆ ಹಾಕೋಣ’ ಎಂದರೆ ಆ ಮನುಷ್ಯ ಲೆಕ್ಕಕ್ಕೆ ಸಿಗದೆ ಕೆಲಸ ಮಾಡುತ್ತಿದ್ದಾನೆ ಎಂದರ್ಥ. ನಮ್ಮ ತಮ್ಮನ ಫೈಲಿನಲ್ಲಿ ಆ ಫಾರ್ಮ್ ಇರಲೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಮೈಗ್ರೇಶನ್ ಏಜೆಂಟರಿಗೆ ಏಳಂಕಿಯ ಮಾರ್ನ್ ನಂಬರ್ ಇರುತ್ತದೆ. ಆ ದೇಶದ ಹೊರಗೆ ಕೂತು ಕೆಲಸ ಮಾಡುವವರಿಗೆ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಬೆಂಗಳೂರಿನಲ್ಲಿ ಅದಿಲ್ಲದವರು ಧಾರಾಳವಾಗಿ ಸಿಗುತ್ತಾರೆ. ಕಡ್ಡಾಯವಲ್ಲದಿದ್ದರೂ ಮಾರ್ನ್ ಇರುವವರನ್ನೇ ಆರಿಸಿ ಎನ್ನುತ್ತೇನೆ. ತಪ್ಪಾದರೆ ದೂರು ಕೊಡಲು ಒಂದು ಬಾಗಿಲಾದರೂ ಇರುತ್ತದೆ. ಬ್ರಿಟನ್ನಿನಲ್ಲಿ ಈ ಕೆಲಸ ನೋಡಿಕೊಳ್ಳುವ ಸಂಸ್ಥೆಯ ಹೆಸರು 2025ರ ಜನವರಿಯಿಂದ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿ. ಹಳೆಯ ಹೆಸರು ಓಐಎಸ್‌ಸಿ.

ವಿಎಫ್‌ಎಸ್ ಬಗ್ಗೆಯೂ ಒಂದು ಮಾತು. ಅವರು ಪಾಸ್‌ಪೋರ್ಟ್, ಬೆರಳಚ್ಚು ತೆಗೆದುಕೊಂಡು ರಾಯಭಾರ ಕಚೇರಿಗೆ ಕಳುಹಿಸುವವರು. ವೀಸಾ ಕೊಡುವುದೂ ಬಿಡುವುದೂ ಅವರ ಕೈಯಲ್ಲಿಲ್ಲ. ‘ವಿಎಫ್‌ಎಸ್ ಒಳಗೆ ನಮ್ಮವರಿದ್ದಾರೆ’ ಎಂಬ ಮಾತು ಕಿವಿಗೆ ಬಿದ್ದರೆ ಆ ಕುರ್ಚಿಯಿಂದ ಏಳುವ ಸಮಯ ಬಂತು.

ಓದಿನ ದಾರಿಗಳು

ದೇಶ ಆರಿಸುವಾಗ ಮಕ್ಕಳು ಫೀಸು, ರ‍್ಯಾಂಕಿಂಗ್ ನೋಡುತ್ತಾರೆ. ಸಾಲ ಮಾಡಿ ಹೋಗುವವರು ಅದಕ್ಕಿಂತ ಮೊದಲು ನೋಡಬೇಕಾದದ್ದು ಓದು ಮುಗಿದ ಮೇಲೆ ಎಷ್ಟು ದಿನ ಅಲ್ಲಿದ್ದು ದುಡಿಯಬಹುದು ಎಂಬುದನ್ನು.

ಕೆನಡಾದಲ್ಲಿ ಈಗ ಯೂನಿವರ್ಸಿಟಿಯ ಮಾಸ್ಟರ್ಸಿಗೂ ಕಾಲೇಜಿನ ಡಿಪ್ಲೊಮಾಗೂ ದೊಡ್ಡ ಅಂತರವಿದೆ. 2024ರ ಫೆಬ್ರುವರಿಯಿಂದ ಮಾಸ್ಟರ್ಸ್ ಎರಡು ವರ್ಷಕ್ಕಿಂತ ಕಡಿಮೆಯದ್ದಾದರೂ ಮೂರು ವರ್ಷದ ಪಿಜಿಡಬ್ಲ್ಯುಪಿ, ಅಂದರೆ ಓದಿನ ನಂತರ ಕೆಲಸ ಮಾಡುವ ಪರ್ಮಿಟ್ ಸಿಗುತ್ತದೆ. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್ ಅರ್ಜಿ ಹಾಕಿದ ಡಿಪ್ಲೊಮಾದವರಿಗೆ ಅದು ಸಿಗಬೇಕಾದರೆ, ಓದುವ ವಿಷಯವೂ ಸರ್ಕಾರದ ಪಟ್ಟಿಯಲ್ಲಿರಬೇಕು. ‘ಮೊದಲು ಯಾವುದಾದರೂ ಡಿಪ್ಲೊಮಾಗೆ ಹೋಗಿ, ಆಮೇಲೆ ಪಿಆರ್’ ಎಂಬ ಹಳೆಯ ಸಲಹೆಯನ್ನು ಇನ್ನೂ ಕೊಡುತ್ತಿರುವವರನ್ನು ನಂಬಬೇಡಿ. ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆಯೂ 2024ರ ನವೆಂಬರ್ 8ಕ್ಕೆ ನಿಂತಿದೆ. ಒಂದು ವರ್ಷದ ಖರ್ಚಿಗೆ ತೋರಿಸಬೇಕಾದ ಮೊತ್ತ 2025ರ ಸೆಪ್ಟೆಂಬರಿನಿಂದ 22,895 ಕೆನಡಿಯನ್ ಡಾಲರ್, ಫೀಸು ಮತ್ತು ಪ್ರಯಾಣದ ಖರ್ಚು ಬೇರೆ.

ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾ ಶುಲ್ಕ 2025ರ ಜುಲೈ 1ರಿಂದ 2,000 ಆಸ್ಟ್ರೇಲಿಯನ್ ಡಾಲರ್ ಆಯಿತು. ನಿರಾಕರಿಸಿದರೆ ಆ ದುಡ್ಡು ವಾಪಸ್ ಬರುವುದಿಲ್ಲ, ಹಾಗಾಗಿ ಅಲ್ಲಿಗೆ ಅರೆಮನಸ್ಸಿನ ಅರ್ಜಿ ಹಾಕಬಾರದು. ನಮ್ಮವರಿಗೆ ಒಂದು ಅನುಕೂಲವಿದೆ: ಭಾರತದೊಂದಿಗಿನ ವ್ಯಾಪಾರ ಒಪ್ಪಂದದಿಂದಾಗಿ ಕೋರ್ಸ್‌ವರ್ಕ್ ಮಾಸ್ಟರ್ಸ್ ಮುಗಿಸಿದ ಭಾರತೀಯರು, ಬೇರೆ ಹೆಚ್ಚಿನ ದೇಶದವರಿಗೆ ಎರಡು ವರ್ಷ ಇರುವ ಕಡೆ, ಮೂರು ವರ್ಷ ಇದ್ದು ಕೆಲಸ ಮಾಡಬಹುದು. ಆದರೆ ಆ ವೀಸಾಗೆ ವಯಸ್ಸಿನ ಮಿತಿ 35. ಹತ್ತು ವರ್ಷ ಕೆಲಸ ಮಾಡಿ ಆಮೇಲೆ ಓದಲು ಹೊರಡುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಸಮಯ ಉಳಿಸುತ್ತದೆ. ಓದಿನ ನಂತರದ ಎರಡು ವರ್ಷದ ಗ್ರಾಜುಯೇಟ್ ವೀಸಾ ಮಾತ್ರ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಸಂಶೋಧನಾ ಕೋರ್ಸ್ ಬಿಟ್ಟರೆ ಮಾಸ್ಟರ್ಸ್ ಓದುವವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ, 2024ರ ಜನವರಿಯಿಂದಲೇ ಇದು ಜಾರಿಯಲ್ಲಿದೆ. ಇನ್ನೊಂದು, ತೋರಿಸುವ ದುಡ್ಡು ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳುತ್ತದೆ.

ಜರ್ಮನಿಗೆ 2022ರ ನವೆಂಬರಿನಿಂದ ಎಪಿಎಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಅಂಕಪಟ್ಟಿ ಪದವಿಗಳು ಅಸಲಿ ಎಂದು ಪರೀಕ್ಷಿಸಿ ಕೊಡುವ ಪತ್ರ, ಕಡ್ಡಾಯ. ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಆ ದುಡ್ಡು ನಿಮ್ಮದೇ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ, ಮನೆ ಅಡವಿಡದೆ ಕಳುಹಿಸಬಹುದಾದ ದೇಶ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುವುದು. ಒಂದೇ ಷರತ್ತು, ಭಾಷೆ ಕಲಿಯಬೇಕು. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಕೆಲಸ ಸಿಗುವುದು ಹೆಚ್ಚಾಗಿ ಜರ್ಮನ್ ಬಂದವರಿಗೆ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇರುವಾಗ ಮೂರನೇ ವರ್ಷದಿಂದಲೇ ಶುರುಮಾಡಬಹುದು.

ಅಮೆರಿಕದ ಸ್ಟೂಡೆಂಟ್ ವೀಸಾ ಎಫ್-1 ಬಗ್ಗೆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಓದಿನ ನಂತರ ಕೆಲಸ ಮಾಡಲು 12 ತಿಂಗಳ ಒಪಿಟಿ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ವಿಷಯದವರಿಗೆ ಇನ್ನೂ 24 ತಿಂಗಳು. ಸಾಲದ ಲೆಕ್ಕವನ್ನು ಆ ಮೂರು ವರ್ಷದ ಮೇಲೆಯೇ ಹಾಕಿ, ಅದರ ಮುಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕೆಲಸದ ವೀಸಾ: ಮೊದಲು ಕಂಪನಿ

ಅಮೆರಿಕದಲ್ಲಿ ಆ ಮೂರು ವರ್ಷದ ಮುಂದಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎನ್ನಲು ಕಾರಣ ಅಲ್ಲಿನ ಕೆಲಸದ ವೀಸಾ ಎಚ್-1ಬಿ. ವರ್ಷಕ್ಕೆ 85,000 ಮಾತ್ರ, ಅರ್ಜಿ ಹಾಕುವುದು ಕಂಪನಿ, ನೀವೂ ಅಲ್ಲ, ಕನ್ಸಲ್ಟೆಂಟೂ ಅಲ್ಲ. 2025ರ ಸೆಪ್ಟೆಂಬರಿನ ಘೋಷಣೆಯಲ್ಲಿ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕವನ್ನೂ ಹೇರಿದರು. ಜಯನಗರದಲ್ಲಿ ಕೂತು ‘ಎಚ್-1ಬಿ ಕೊಡಿಸುತ್ತೇವೆ’ ಎನ್ನುವವರು ಮಾರುತ್ತಿರುವುದು ಏನನ್ನು ಎಂದು ನೀವೇ ಯೋಚಿಸಿ.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಕೂಡ ಕಂಪನಿಯಿಂದಲೇ ಶುರು. ಕಂಪನಿ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಬೇಕು, 2025ರ ಜುಲೈನಿಂದ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್. ಈ ಸರ್ಟಿಫಿಕೇಟನ್ನೇ ಲಕ್ಷಗಟ್ಟಲೆಗೆ ಮಾರುವವರಿದ್ದಾರೆ, ಅದು ಕಾನೂನುಬಾಹಿರ. ಲೈಸೆನ್ಸ್ ಇರುವ ಸ್ಪಾನ್ಸರ್ ಕಂಪನಿಗಳ ಪಟ್ಟಿ ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ. ಆಫರ್ ಲೆಟರ್ ಬಂದ ದಿನವೇ ಅದರಲ್ಲಿ ಕಂಪನಿಯ ಹೆಸರು ಹುಡುಕಿ.

ಕೆಲಸ ಕೈಯಲ್ಲಿಲ್ಲದೆಯೂ ಹೊರಡಬಹುದಾದ ದಾರಿಗಳು ಕೆಲವಿವೆ, ಕನ್ಸಲ್ಟೆಂಟ್ ಬೇಕೆನಿಸುವುದೂ ಅಲ್ಲೇ. ಜರ್ಮನಿಯ ಚಾನ್ಸೆನ್‌ಕಾರ್ಟೆ 2024ರ ಜೂನ್ 1ರಿಂದ ಇದೆ. ಪದವಿ, ಅನುಭವ, ಭಾಷೆ, ವಯಸ್ಸಿಗೆ ಸೇರಿ 6 ಅಂಕ ಬಂದರೆ ಅಲ್ಲಿಗೆ ಹೋಗಿ ಒಂದು ವರ್ಷ ಕೆಲಸ ಹುಡುಕಬಹುದು, ಈ ನಡುವೆ ವಾರಕ್ಕೆ 20 ಗಂಟೆ ದುಡಿಯಬಹುದು. ನೆನಪಿರಲಿ, ಅದು ಹುಡುಕಲು ಕೊಡುವ ಅವಕಾಶ, ಕೆಲಸವಲ್ಲ. ಅನುಭವಸ್ಥರು ಇಲ್ಲಿಂದಲೇ ಕೆಲಸ ಹುಡುಕಿಕೊಂಡು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯಲ್ಲಿ ಹೋಗುವುದು ಹೆಚ್ಚು ಕ್ಷೇಮ. ಆಸ್ಟ್ರೇಲಿಯಾದ 189, 190, 491 ನಂಬರಿನ ವೀಸಾಗಳು ಮತ್ತು ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಅಂಕದ ಮೇಲೆ ನಡೆಯುತ್ತವೆ. ಕೆನಡಾದಲ್ಲಿ ಜಾಬ್ ಆಫರಿಗೆ ಕೊಡುತ್ತಿದ್ದ ಹೆಚ್ಚುವರಿ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ಹೆಚ್ಚುವರಿ ಅಂಕಕ್ಕೆಂದು ದುಡ್ಡು ಕೊಟ್ಟು ಆಫರ್ ಲೆಟರ್ ಕೊಳ್ಳಿ ಎಂದು ಈಗಲೂ ಯಾರಾದರೂ ಹೇಳಿದರೆ ಅದು ಶುದ್ಧ ಮೋಸ.

ಸಹಿ ಹಾಕುವ ಮೊದಲು

ಅಗ್ರಿಮೆಂಟನ್ನು ಮನೆಗೆ ತನ್ನಿ. ‘ಇವತ್ತೇ ಕಟ್ಟಿದರೆ ಡಿಸ್ಕೌಂಟ್’ ಎಂದರೂ ತನ್ನಿ. ಯಾವ ಕೆಲಸ ಮುಗಿದರೆ ಯಾವ ಕಂತು, ಅರ್ಜಿ ಬಿದ್ದರೆ ಎಷ್ಟು ವಾಪಸ್ ಎಂಬುದು ಬರಹದಲ್ಲಿರಬೇಕು. ಸರ್ಕಾರಿ ಶುಲ್ಕವನ್ನು ನಿಮ್ಮ ಕಾರ್ಡಿನಿಂದ ನೀವೇ ಕಟ್ಟಿ. ಖಾತೆ ನಿಮ್ಮ ಇಮೇಲಿನಲ್ಲೇ ಇರಲಿ. ಫೈಲ್ ಹೋದ ಮೇಲೆ ಕಳುಹಿಸಿದ ಪ್ರತಿ ಹಾಳೆಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ವ್ಯಾಟ್ಸಾಪ್ ಮಾತುಗಳನ್ನು ಅಳಿಸಬೇಡಿ.

ಯಾರಾದರೂ ‘ಫಂಡ್ ನಾವೇ ತೋರಿಸುತ್ತೇವೆ’, ‘ಎರಡು ವರ್ಷ ಅನುಭವ ಸೇರಿಸೋಣ’ ಎಂದರೆ, ಅದರ ಶಿಕ್ಷೆ ಅನುಭವಿಸುವುದು ಅವರಲ್ಲ, ನೀವು. ಸುಳ್ಳು ದಾಖಲೆಗೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಮುಚ್ಚುತ್ತದೆ. 2023ರಲ್ಲಿ ಪಂಜಾಬಿನ ಏಜೆಂಟನೊಬ್ಬ ಕೊಟ್ಟಿದ್ದ ನಕಲಿ ಪ್ರವೇಶ ಪತ್ರಗಳಿಂದಾಗಿ, ಕೆನಡಾದಲ್ಲಿ ಓದು ಮುಗಿಸಿ ಕೆಲಸಕ್ಕೂ ಸೇರಿದ್ದ ಭಾರತೀಯ ಮಕ್ಕಳು ಗಡೀಪಾರಿನ ಅಂಚಿಗೆ ಬಂದು ನಿಂತರು. ಕಾಲೇಜಿನ ಪತ್ರ ಏಜೆಂಟನ ಕೈಯಿಂದ ಬಂದರೂ, ಕಾಲೇಜಿಗೆ ನೀವೇ ಒಂದು ಇಮೇಲ್ ಬರೆದು ಖಚಿತಪಡಿಸಿಕೊಳ್ಳಿ.

ಮೋಸ ಹೋದರೆ ಸುಮ್ಮನಿರಬೇಡಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ತಮ್ಮ 2023ರಲ್ಲಿ ಮತ್ತೆ ಐಇಎಲ್‌ಟಿಎಸ್ ಬರೆದು, ಎರಡನೇ ಸಲ ಪ್ರೊಫೈಲನ್ನು ತಾನೇ ತೆರೆದ, ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ. ಆ ಡಿಸೆಂಬರಿನಲ್ಲಿ ಸ್ಟೆಮ್ ವಿಷಯದವರಿಗಾಗಿ ನಡೆದ ಆಯ್ಕೆಯ ಸುತ್ತಿನಲ್ಲಿ ಇನ್ವಿಟೇಶನ್ ಬಂದಾಗ ಇಮೇಲ್ ಅವನ ಫೋನಿಗೇ ಬಂತು. ಈ ಸಲ ಪಟ್ಟಿಯಲ್ಲಿ ಹೆಸರು ನೋಡಿ, ಒಬ್ಬ ಆರ್‌ಸಿಐಸಿಯಿಂದ ಒಂದೇ ಒಂದು ಗಂಟೆಯ ಸಮಯ ಕೊಂಡ, ಫೈಲ್ ಕಳುಹಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು. ಆಕೆ ವೀಡಿಯೊ ಕರೆಯಲ್ಲಿ ವೈಟ್‌ಫೀಲ್ಡ್ ಕಂಪನಿಯ ಅನುಭವದ ಪತ್ರ ಓದಿ, ‘ಇದರಲ್ಲಿ ವಾರಕ್ಕೆ ಎಷ್ಟು ಗಂಟೆ ಕೆಲಸ ಎಂದು ಬರೆದೇ ಇಲ್ಲವಲ್ಲ, ಹೀಗೆ ಕಳುಹಿಸಿದರೆ ಆ ಮೂರು ವರ್ಷ ಲೆಕ್ಕಕ್ಕೆ ಬಾರದೆ ಹೋಗಬಹುದು’ ಎಂದರು. ಹಿಂದಿನ ವರ್ಷ ಅಷ್ಟು ಓಡಾಡಿ ತರಿಸಿದ್ದ ಪತ್ರ ಅದು. ಮರುದಿನ ಬೆಳಿಗ್ಗೆ ತಮ್ಮ ಬೈಕಿನಲ್ಲಿ ವೈಟ್‌ಫೀಲ್ಡಿಗೆ ಹೋಗಿ ಆ ಒಂದು ಸಾಲು ಸೇರಿಸಿಕೊಂಡು ಬಂದ.